ಓಡದ ಗಾಡಿಯ ಎಣ್ಣೆ

೧೯೮೯ರಲ್ಲಿ ಜಪಾನಿನ ಮಜ್ದಾ ಕಾರಖಾನೆಯು ಹೊರತಂದ ಎಂಎಕ್ಸ್-೫ ಎಂಬ ಇಬ್ಬರು ಕೂರುವ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಮುದ್ದಿನ ಕೂಸಾಗಿದೆ. ಚಳಿಗಾಲವೆಲ್ಲ ಅದಕ್ಕೆ ಹೊದಿಕೆ. ಬೇಸಗೆಯ ನಾಲ್ಕಾರು ಭಾನುವಾರ ಸವಾರಿ. ಓಡದ ಗಾಡಿಗೆ ಗೇರ್ ಬಾಕ್ಸಿನ ಎಣ್ಣೆ ಬದಲಿಸುವುದೇಕೆಂದು ಯಜಮಾನನು ಮೈಲಿಯ ಲೆಕ್ಕವನ್ನೇ ನೋಡುತ್ತ ಕೂರುವನು. ಆದರೆ ಎಣ್ಣೆಯು ಓಟದಿಂದ ಮಾತ್ರವಲ್ಲ, ಕಾಲದಿಂದಲೂ ಹಳತಾಗುವುದು.

ಎಂಜಿನ್ನಿನ ಎಣ್ಣೆಯಂತೆ ಇದಕ್ಕೆ ಬೆಂಕಿಯ ಮಸಿ ತಗಲದು. ಆದುದರಿಂದ ವರ್ಷವರ್ಷವೂ ಚೆಲ್ಲುವುದು ದುಂದೇ ಸರಿ. ಆದರೆ ಗೇರ್ ಬಾಕ್ಸಿಗೆ ಗಾಳಿಯಾಡುವ ಕಂಡಿಯೊಂದುಂಟು. ಬಿಸಿಯಾಗಿ ತಣಿದಾಗಲೆಲ್ಲ ಅದರ ಮೂಲಕ ತೇವದ ಗಾಳಿ ಒಳಸೇರುತ್ತದೆ. ದೂರ ಓಡುವ ಗಾಡಿಯಲ್ಲಿ ಆ ತೇವವು ಕಾವಿಗೆ ಆರುವುದು. ಎರಡು ಮೈಲಿ ಹೋಗಿ ಮರಳುವುದರಲ್ಲಿ ಉಳಿದು, ಉಕ್ಕಿನ ಹಲ್ಲು ಬೇರಿಂಗುಗಳಿಗೆ ತುಕ್ಕು ಹಿಡಿಸುವುದು. ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು. ಬೇಕಾಗುವುದೋ ಸುಮಾರು ೨ ಲೀಟರು. ಗೇರ್ ಬಾಕ್ಸು ಕೆಟ್ಟರೆ ತೆರಬೇಕಾದ ಹಣದ ಮುಂದೆ ಇದು ಯಾವ ಲೆಕ್ಕ?

ಮೊದಲು ಎಣ್ಣೆ ತುಂಬುವ ಮೇಲಿನ ತಿರುಪು ಬಿಚ್ಚಬೇಕು. ಅದು ಕಚ್ಚಿಕೊಂಡಿರುವಾಗ ಕೆಳಗಿನದನ್ನು ಬಿಚ್ಚಿ ಎಣ್ಣೆಯನ್ನೆಲ್ಲ ಸುರಿದವನ ಗತಿ ದೇವರೇ ಬಲ್ಲ! ಇಳಿದ ಎಣ್ಣೆ ಹಾಲು ಬೆರೆತ ಚಹದಂತಿದ್ದರೆ ನೀರು ಸೇರಿತೆಂದರ್ಥ. ಕೆಳತಿರುಪಿನ ಅಯಸ್ಕಾಂತಕ್ಕೆ ನುಣುಪಾದ ಬೂದುಕೆಸರು ಅಂಟಿದ್ದರೆ ಭಯವಿಲ್ಲ. ಉಕ್ಕಿನ ಚೂರುಗಳು ಬೆರಳಿಗೆ ಚುಚ್ಚಿದರೆ ಹೊಸ ಎಣ್ಣೆಯಿಂದ ಏನೂ ಆಗದು, ಗೇರ್ ಬಾಕ್ಸನ್ನೇ ಕೆಳಗಿಳಿಸಿ ಬಿಚ್ಚಿ ನೋಡಬೇಕು.