ಬೀಗ ಜಡಿದ ಕೋಣೆಯ ಮುಂದಿನ ಕಥೆ

ಹಳೆಯ ಬಂಗಲೆ, ಬೀಗ ಜಡಿದ ಕೋಣೆ, ಬಾಯಿಬಿಡದ ಗಂಡ, ಹೊಸದಾಗಿ ಬಂದ ಹೆಣ್ಣು. ಇಷ್ಟಿದ್ದರೆ ಸಾಕು, ಆ ಕಾದಂಬರಿ ನನಗೆ ಪ್ರಿಯ. ಅದಕ್ಕೆ ಬೇರೊಬ್ಬರು ಬರೆದ ಮುಂದುವರಿಕೆ ಇನ್ನೂ ಪ್ರಿಯ. ಎಲ್ಲ ಮುಂದುವರಿಕೆಗಳೂ ಅಲ್ಲ. ಉಳಿದುಕೊಂಡ ದಂಪತಿಯ ಬೆನ್ನು ಹಿಡಿದವು ಸೊರಗುತ್ತವೆ; ಕೋಣೆಯೊಳಗಿದ್ದವಳ ಬಾಯಿಂದಲೇ ಕಥೆ ಹೇಳಿಸಿದವು ಬಾಳುತ್ತವೆ. ‘ರೆಬೆಕ್ಕಾ’ (1938) ಕಾದಂಬರಿಗೆ ಸೂಸನ್ ಹಿಲ್ 1993ರಲ್ಲಿ ಬರೆದ ‘ಮಿಸೆಸ್ ಡಿ ವಿಂಟರ್’ನಲ್ಲಿ ಗಂಡ ಹೆಂಡತಿ ಇಂಗ್ಲೆಂಡಿಗೆ ಮರಳುತ್ತಾರೆ. ಬರವಣಿಗೆ ಸೊಗಸಾಗಿದೆ, ಆದರೆ ಕಾಡುವುದು ನಮಗೆ ಮೊದಲೇ ಗೊತ್ತಿದ್ದ ಭಯ. ಜೀನ್ ರೀಸ್ 1966ರಲ್ಲಿ ಮಾಡಿದ್ದೇ ಬೇರೆ. ಷಾರ್ಲಟ್ ಬ್ರಾಂಟಿಯ ‘ಜೇನ್ ಏರ್’ (1847) ಅಟ್ಟದಲ್ಲಿ ಕೂಡಿಹಾಕಿದ್ದ ಹುಚ್ಚಿಗೆ ‘ವೈಡ್ ಸರ್ಗಾಸೋ ಸೀ’ಯಲ್ಲಿ ಕೆರಿಬಿಯನ್ನಿನ ಬಾಲ್ಯ ಸಿಕ್ಕಿತು, ಆಂಟ್ವನೆಟ್ ಎಂಬ ಹೆಸರು ಸಿಕ್ಕಿತು. ಬರ್ಥಾ ಎಂದು ಕರೆದವನು ಗಂಡ. ಅಟ್ಟದಲ್ಲಿ ಅವಳಿಗೆ ಕನ್ನಡಿಯೂ ಇಲ್ಲ. ಒಂದು ಕೆಂಪು ಉಡುಪಿನ ವಾಸನೆಯಲ್ಲಿ ಹುಟ್ಟಿದ ನೆಲವನ್ನು ಹುಡುಕುತ್ತಾಳೆ. ಆ ಪುಟಗಳನ್ನು ಓದಿ ಬ್ರಾಂಟಿಗೆ ಹಿಂತಿರುಗಿದರೆ, ಮಹಡಿಯಿಂದ ಕೇಳುವ ನಗುವಿಗೆ ಹೆದರಿಕೆಯಾಗುವುದಿಲ್ಲ, ಹೊಟ್ಟೆ ತೊಳಸುತ್ತದೆ.

ಸತ್ತ ಲೇಖಕರ ಪಾತ್ರಗಳನ್ನು ಮುಟ್ಟುವ ಹಕ್ಕು ಯಾರಿಗಿದೆ ಎಂದು ಕೇಳುವವರಿದ್ದಾರೆ. ಕನ್ನಡದಲ್ಲಿ ಕೂತು ಈ ಪ್ರಶ್ನೆ ಕೇಳುವುದು ಕಷ್ಟ. ಒಂಬೈನೂರು ವರ್ಷಗಳ ಹಿಂದೆಯೇ ನಾಗಚಂದ್ರ ತನ್ನ ಜೈನ ರಾಮಾಯಣದಲ್ಲಿ ರಾವಣನಿಗಾಗಿ ನಾವು ಮರುಗುವಂತೆ ಮಾಡಿದ್ದಾನೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಬೆಂಗಳೂರಿನ ಉಲ್ಲಾಳದಂಥ ಬಡಾವಣೆಯಲ್ಲಿ, ಥರ್ಟಿ ಫಾರ್ಟಿ ಸೈಟಿನ ಮನೆಗಳ ನಡುವೆ, ಬಂಗಲೆಯ ಅಟ್ಟದ ಕಥೆ ಯಾರಿಗೆ ತಟ್ಟೀತು? ತಟ್ಟುತ್ತದೆ ಎನ್ನುವುದಕ್ಕೆ ‘ಆಪ್ತಮಿತ್ರ’ ಸಿನಿಮಾವೇ (2004) ಸಾಕ್ಷಿ. ಮಲಯಾಳದ ‘ಮಣಿಚಿತ್ರತಾಳ್’ನಿಂದ (1993) ಬಂದ ಆ ಕಥೆಯಲ್ಲೂ ಇದ್ದದ್ದು ಹಳೆಯ ಬಂಗಲೆ, ತೆರೆಯಬಾರದ ಬಾಗಿಲು. ಅದನ್ನು ಕನ್ನಡಿಗರು ಮನೆಮಂದಿಯೆಲ್ಲ ಕೂತು ನೋಡಿದರು. ಹೆಣ್ಣಿನ ಬಾಯಿ ಮುಚ್ಚಿಸುವುದಕ್ಕೆ ಬಂಗಲೆಯೇ ಆಗಬೇಕಿಲ್ಲ ಎಂಬುದು ನೋಡಿದವರಿಗೆಲ್ಲ ಗೊತ್ತಿತ್ತು.

ನನ್ನ ತಕರಾರು ಅದರ ಮುಂದುವರಿಕೆಯ ಬಗ್ಗೆ. 2010ರಲ್ಲಿ, ವಿಷ್ಣುವರ್ಧನ್ ತೀರಿಕೊಂಡ ಮೇಲೆ ತೆರೆಕಂಡ ‘ಆಪ್ತರಕ್ಷಕ’ದಲ್ಲಿ ವೈದ್ಯನೂ ಅವರೇ, ರಾಜ ವಿಜಯ ರಾಜೇಂದ್ರ ಬಹದ್ದೂರನೂ ಅವರೇ. ಆ ಅಭಿನಯಕ್ಕೆ ಕೈಮುಗಿಯುತ್ತೇನೆ. ಆದರೆ ಕಥೆ ಕೊಂದ ರಾಜನ ಕಡೆಗೆ ವಾಲಿತು; ಅವನು ಕೊಂದ ನರ್ತಕಿ ನಾಗವಲ್ಲಿ ಮತ್ತೆ ಹೆದರಿಸುವ ಚಿತ್ರಪಟವಾದಳು. ‘ಆಪ್ತಮಿತ್ರ’ದಲ್ಲಿ ಸೌಂದರ್ಯ ಅವಳಾಗಿ ತೆಲುಗಿನಲ್ಲಿ ಗುಡುಗಿದಾಗ ಥಿಯೇಟರು ನಡುಗಿತ್ತು. ಪರಭಾಷೆಯ ಊರಿಗೆ ತಂದಿಟ್ಟ ಆ ನರ್ತಕಿ ರಾತ್ರಿ ಹೊತ್ತು ಯಾರೊಡನೆ ಮಾತಾಡುತ್ತಿದ್ದಳು, ಮನೆಗೆ ಏನೆಂದು ಹೇಳಿಕಳಿಸುತ್ತಿದ್ದಳು? ಅದನ್ನು ಅವಳೇ ಹೇಳುವ ಕಾದಂಬರಿಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು, ಬೇಗ ಬರೆಯಬೇಕು.