ಕಲ್ಬಾನಿಯೊಳಗಿನ ಕೆರೆ

ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಅದೇ ಪುಣ್ಯ ಎನ್ನುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಕೂತು ಅಂಗಳದಲ್ಲಿ ನೈದಿಲೆ ಬೆಳೆಸುವ, ಮೀನು ಸಾಕುವ ಮಾತೆತ್ತಿದರೆ, ಕೇಳಿದವರು ಮೊದಲು ಮಾತಾಡಿದವನ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. "ನಮ್ಗೇ ಕುಡಿಯಾಕೆ ನೀರಿಲ್ಲ, ನೀನು ಮೀನಿಗೆ ಮನೆ ಕಟ್ತೀಯೇನಪ್ಪ?" ಎಂದು ನಮ್ಮ ಬೀದಿಯ ಅಜ್ಜ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಉತ್ತರ ಮಾತ್ರ ಸ್ವಲ್ಪ ಉದ್ದ. ಕೂತುಕೊಳ್ಳಿ, ಮಂಡಕ್ಕಿ ತರಿಸುತ್ತೇನೆ.

ಆ ಅಜ್ಜನ ಬಚ್ಚಲಮನೆಯ ಸಿಮೆಂಟ್ ತೊಟ್ಟಿಯಿಂದಲೇ ಶುರು ಮಾಡೋಣ. ನಲ್ಲಿ ನೀರು ದಿನಾ ಬರುವ ಪೈಕಿಯದಲ್ಲವಾದ್ದರಿಂದ, ಬಂದ ದಿನ ತೊಟ್ಟಿ, ಡ್ರಮ್ಮು, ಹಂಡೆ, ಬಿಂದಿಗೆ, ಕೊನೆಗೆ ಮದುವೆಗೆಂದು ತಂದಿಟ್ಟ ಕೊಪ್ಪರಿಗೆಯನ್ನೂ ತುಂಬಿಸಿಡುವುದು ನಮ್ಮಲ್ಲಿ ಕುಲಾಚಾರದಷ್ಟೇ ಕಟ್ಟುನಿಟ್ಟು. ಹಾಗೆ ನೋಡಿದರೆ ಕೊಳವಿಲ್ಲದ ಮನೆಯೇ ಈ ಸೀಮೆಯಲ್ಲಿಲ್ಲ. ಆ ಕೊಳದಲ್ಲಿ ಇರಬೇಕಾದವರು ಇಲ್ಲ, ಸೊಳ್ಳೆಮರಿಗಳು ಮಾತ್ರ ಸಕುಟುಂಬ ಸಪರಿವಾರ ನೆಲೆಸಿವೆ. 2006ರಲ್ಲಿ ಚಿಕುನ್‌ಗುನ್ಯಾ ಬಂದು, ಹಾಸಿಗೆಯಿಂದ ಏಳಲಾಗದೆ, ಎದ್ದವರು ನೆಟ್ಟಗೆ ನಿಲ್ಲಲಾಗದೆ, ಊರಿಗೆ ಊರೇ ಗೋಡೆ ಹಿಡಿದು ನಡೆದದ್ದನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ಹಗಲು ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಚರಂಡಿಯ ಕೊಚ್ಚೆಯಲ್ಲಲ್ಲ, ನಾವು ಜೋಪಾನವಾಗಿ ಹಿಡಿದಿಟ್ಟ ತಿಳಿನೀರಿನಲ್ಲಿ. ಅದೇ ವರ್ಷ ಪಕ್ಕದ ತುಮಕೂರು ಜಿಲ್ಲೆಯ ದೊಮ್ಮತಮರಿಯಲ್ಲಿ ವಿಜ್ಞಾನಿಗಳು ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿ ಮೀನು ಬಿಟ್ಟು, ಈಡಿಸ್ ಮರಿಗಳ ಮೇಲೆ ಪರೀಕ್ಷೆ ನಡೆಸಿದರು. ಆರೋಗ್ಯ ಇಲಾಖೆಯವರು ಲಾರ್ವಾಹಾರಿ ಮೀನು ಎಂದು ಕರೆಯುವುದು ಇದನ್ನೇ. ಹೆಸರು ಕೇಳಿದರೆ ಯಾವುದೋ ಪುರಾಣದ ರಾಕ್ಷಸಸಂಹಾರಿ ಎನ್ನಿಸಬೇಕು. ಮೀನು ಮಾತ್ರ ಕಿರುಬೆರಳಿನ ಅರ್ಧದಷ್ಟು. ಇದರ ತವರು ವೆಸ್ಟ್ ಇಂಡೀಸ್ ಕಡೆಯ ಹೊಳೆಗಳು. ಟ್ರಿನಿಡಾಡಿನಲ್ಲಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬುವರು ಹಿಡಿದು ಲಂಡನ್ನಿಗೆ ಕಳಿಸಿದರು, ಮೀನಿಗೆ ಅವರ ಹೆಸರೇ ನಿಂತಿತು.

ನೀರಿಗೆ ಮೀನು ಬಿಡುವುದು ನಮಗೆ ಹೊಸದೇನಲ್ಲ. ನಮ್ಮಜ್ಜಿಯ ಹಿತ್ತಲಲ್ಲಿ ಕಲ್ಲು ಕಟ್ಟಿದ ಸೇದುಬಾವಿಯೊಂದಿತ್ತು. ಕೆರೆ ಬತ್ತುವ ಕಾಲಕ್ಕೆ ಯಾರೋ ತಂದುಕೊಟ್ಟ ಸಸಲು ಮೀನುಗಳನ್ನು ಅಜ್ಜಿ ಕೊಡದಲ್ಲಿ ಇಳಿಬಿಟ್ಟು, ಕೊಡವನ್ನು ನೀರಿನೊಳಗೇ ಓರೆ ಮಾಡಿ, ಅವು ತಾವಾಗಿ ಹೊರಗೆ ಹೋಗುವ ತನಕ ಹಗ್ಗ ಹಿಡಿದು ನಿಂತಿರುತ್ತಿದ್ದಳು. "ಮೀನಿದ್ರೆ ನೀರು ತಿಳಿಯಾಗಿರ್ತತಿ" ಎಂಬುದು ಅವಳ ಜಲಶಾಸ್ತ್ರದ ಪ್ರಥಮ ಸೂತ್ರ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬಂದಾಗ ಬಿಸಿಲು ಬಾವಿಯ ತಳಕ್ಕೆ ಇಳಿಯುತ್ತಿತ್ತು. ಆ ಹೊತ್ತಿಗೆ ನಾವು ಮೊಮ್ಮಕ್ಕಳು ಕಟ್ಟೆಯ ಮೇಲೆ ಹೊಟ್ಟೆ ಕವುಚಿ ಮಲಗಿ ಮೀನಿನ ಬೆನ್ನು ಮಿಂಚುವುದನ್ನು ಕಾಯುತ್ತಿದ್ದೆವು, ಹಿಂದಿನಿಂದ ಅಜ್ಜಿ ನಮ್ಮ ಕಾಲು ಹಿಡಿದುಕೊಂಡಿರುತ್ತಿದ್ದಳು. ಆಮೇಲೆ ಊರ ಸುತ್ತ ಬೋರ್‌ವೆಲ್ ಬಂದವು, ಬಾವಿ ಒಣಗಿತು, ಮೀನಿನ ಕತೆ ಏನಾಯಿತೆಂದು ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ.

ಅಜ್ಜಿಯ ಶಾಸ್ತ್ರಕ್ಕೆ ರಾಜಮಾನ್ಯತೆಯೂ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಜಾತಿಯ ಮೀನಿಗೆ ಯಾವ ಮೇವು ಎಂಬುದನ್ನು ಆ ಚಕ್ರವರ್ತಿ ಕೂತು ವಿವರಿಸಿದ್ದಾನೆ. ಇನ್ನೂ ಹಿಂದೆ ಹೋದರೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನೇ ಇದ್ದಾನೆ. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಈ ಶಾಸನಗಳಲ್ಲಿ ತಂದೆತಾಯಿಗೆ ವಿಧೇಯರಾಗಿರಿ ಎಂಬುದರ ಜೊತೆಗೇ ಪ್ರಾಣಿಗಳಲ್ಲಿ ದಯೆಯಿರಲಿ ಎಂಬ ಮಾತೂ ಬರುತ್ತದೆ. ಉತ್ತರದ ಕಂಬಗಳ ಮೇಲಿನ ಐದನೆಯ ಶಾಸನದಲ್ಲಂತೂ ಕೆಲವು ಹುಣ್ಣಿಮೆಗಳಂದು ಮೀನು ಕೊಲ್ಲಬಾರದು, ಮಾರಬಾರದು ಎಂದೇ ಆಜ್ಞೆ ಮಾಡಿದ್ದಾನೆ. ಅಂಥ ಬಂಡೆಯ ಊರಿನಲ್ಲಿ ಮೀನಿಗೊಂದು ಬಾನಿ ನೀರು ಕೊಡುವುದು ದೊಡ್ಡ ಮಾತಾಗಬಾರದು.

ಬಾನಿ ಎಂದೆನಲ್ಲ, ಅದೇ ಈ ಕತೆಯ ಮುಖ್ಯ ಪಾತ್ರ. ಎತ್ತುಗಳಿದ್ದ ಕಾಲದಲ್ಲಿ ಪ್ರತಿ ಹಟ್ಟಿಯಲ್ಲೂ ನೀರು, ಕಲಗಚ್ಚು ಕುಡಿಸುವ ಕಲ್ಬಾನಿ ಇರುತ್ತಿತ್ತು. ಟ್ರಾಕ್ಟರ್ ಬಂತು, ಎತ್ತು ಹೋದವು, ಇಬ್ಬರು ಎತ್ತಲಾಗದ ಆ ಕಲ್ಲು ಮಾತ್ರ ಇದ್ದಲ್ಲೇ ಉಳಿದು, ಕೋಳಿ ಕಾವು ಕೂರುವುದಕ್ಕೋ ಹಳೇ ಚಪ್ಪಲಿ ಎಸೆಯುವುದಕ್ಕೋ ಆಯಿತು. ಮೊಳಕಾಲ್ಮೂರಿನ ನನ್ನ ಚಿಕ್ಕಮ್ಮನ ಮನೆಯಲ್ಲಿ ಅದನ್ನು ಮಗ್ಗದ ಕೋಣೆಯ ಕಿಟಕಿಯ ಕೆಳಗೆ ಉರುಳಿಸಿ ಇಟ್ಟಿದ್ದಾರೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ದಿನವಿಡೀ ರೇಷ್ಮೆ ಎಳೆ ನೋಡಿ ಕಣ್ಣು ಸೋತಾಗ ಚಿಕ್ಕಪ್ಪ ತಲೆಯೆತ್ತಿ ನೋಡುವುದು ಆ ನೀರನ್ನೇ. ಕಲ್ಬಾನಿ ಇಲ್ಲದವರು ಸಿಮೆಂಟ್ ತೊಟ್ಟಿ ಇಡಬಹುದು. ಆದರೆ ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಮೀನು ಬದುಕುವುದಿಲ್ಲ. ಕೆಲವು ವಾರ ನೀರು ತುಂಬಿ ಚೆಲ್ಲಿ, ಮತ್ತೆ ತುಂಬಿ ಚೆಲ್ಲಿ ಹದಕ್ಕೆ ತರಬೇಕು. ಎಣ್ಣೆ ಮಿಲ್ಲಿನ ಹಳೇ ಡ್ರಮ್ಮು ಚಳ್ಳಕೆರೆಯಲ್ಲಿ ಸಲೀಸಾಗಿ ಸಿಗುತ್ತದೆಂದು ಅದಕ್ಕೆ ಕೈಹಾಕಬೇಡಿ, ಎಣ್ಣೆಯ ಪೊರೆ ನೀರಿಗೆ ಗಾಳಿ ಬಿಡುವುದಿಲ್ಲ.

ತಳಕ್ಕೆ ನಾಲ್ಕು ಬೆರಳು ಕೆರೆಗೋಡು, ಅದರ ಮೇಲೆ ತೊಳೆದ ಹಳ್ಳದ ಮರಳು. ಗೊಬ್ಬರ ಬೇಡವೇ ಬೇಡ. ಹಾಕಿದರೆ ಉಣ್ಣುವುದು ಪಾಚಿ. ನೈದಿಲೆಯ ಗೆಡ್ಡೆ ನೆಟ್ಟು, ಒಂದೆರಡು ಎಳೆ ಹೈಡ್ರಿಲ್ಲಾ ಊರಿ, ಮಳೆನೀರು ತುಂಬಿ, ಮೀನು ಬಿಡದೆ ಕಾಯಬೇಕು. ಈ ಕಾಯುವ ಕಾಲವೇ ಕಷ್ಟ. ನೀರು ಮೊದಲು ಹಸಿರಾಗುತ್ತದೆ, ನೋಡಿದವರೆಲ್ಲ ಚೆಲ್ಲು ಎನ್ನುತ್ತಾರೆ. ಚೆಲ್ಲಬಾರದು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಕಲ್ಲಿಗೆ, ಮರಳಿಗೆ ಹತ್ತಿಕೊಂಡು, ಮೀನಿನ ಹೇಲುಚ್ಚೆಯಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಮಾಡಿ ಗಿಡದ ಬಾಯಿಗಿಡುವ ವ್ಯವಸ್ಥೆ ಕೂರುವುದಕ್ಕೆ ವಾರಗಟ್ಟಲೆ ಬೇಕು. ಎಲೆಗಳು ನೀರಿನ ಮುಕ್ಕಾಲು ಮುಖ ಮುಚ್ಚಿದರೆ ಪಾಚಿಗೆ ಬಿಸಿಲು ಸಿಗದೆ ನೀರು ತಾನೇ ತಿಳಿಯಾಗುತ್ತದೆ. ಆಗ ಗಪ್ಪಿ ಬಿಡಿ, ನಾಲ್ಕಾರು ಸಾಕು. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಈ ತಾಯಂದಿರು ತಿಂಗಳಿಗೊಮ್ಮೆ ಹೆರುತ್ತಾರೆ. ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಎಸೆದು ಬಂದವರಿಗೆ ಇಲ್ಲೂ ಎಸೆಯಬೇಕೆನ್ನಿಸುತ್ತದೆ. ಹರಿವ ಹೊಳೆಗೆ ಅದು ಲೆಕ್ಕಕ್ಕಿಲ್ಲ, ಬಾನಿಯಲ್ಲಿ ಕೊಳೆತು ವಿಷವಾಗುತ್ತದೆ. ಮಂಡಕ್ಕಿ ನಮಗಿರಲಿ, ಮೀನಿಗೆ ಸೊಳ್ಳೆಮರಿ ಇದೆ.

ಈಗ ಅಜ್ಜನ ಲೆಕ್ಕಕ್ಕೆ ಬರುತ್ತೇನೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಬಾನಿಯಲ್ಲಿ ಕಡುಬೇಸಿಗೆಯ ದಿನ 8ರಿಂದ 10 ಮಿಲಿಮೀಟರ್ ನೀರು ಆರಿದರೂ ಅದು 4 ಲೀಟರಿನ ಆಸುಪಾಸು. ಎಲೆ ಮುಚ್ಚಿದ್ದರೆ ಇನ್ನೂ ಕಡಿಮೆ. ಒಂದು ಬಿಂದಿಗೆಯ ಅರ್ಧವೂ ಆಗಲಿಲ್ಲ. ಆದರೆ ಆರುವುದು ನೀರು ಮಾತ್ರ, ಉಪ್ಪಲ್ಲ. ನಮ್ಮ ಗಡಸು, ಫ್ಲೋರೈಡ್ ತುಂಬಿದ ಬೋರ್ ನೀರನ್ನೇ ದಿನಾ ಸುರಿಯುತ್ತ ಹೋದರೆ ಉಪ್ಪು ಮಂದವಾಗುತ್ತಲೇ ಹೋಗುತ್ತದೆ. ಅದಕ್ಕೇ ಚಾವಣಿಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಬಟ್ಟೆ ಕಟ್ಟಿ ಹಿಡಿದಿಡಬೇಕು, ವಾರಕ್ಕೊಮ್ಮೆ ಬಾನಿಯಿಂದ ಎರಡು ಚೊಂಬು ತೆಗೆದು ಕರಿಬೇವಿನ ಬುಡಕ್ಕೆ ಹಾಕಬೇಕು. ಆ ನೀರು ಕುಡಿದ ಕರಿಬೇವಿನ ಚಿಗುರನ್ನು ಒಮ್ಮೆ ಬಂದು ನೋಡಿ.

ತಾವರೆ ಬೇಕೆನ್ನುವವರಿಗೆ ಇನ್ನೊಂದು ಮಾತು. ಗ್ರಂಥಿಗೆ ಅಂಗಡಿಯ ತಾವರೆ ಬೀಜವನ್ನು ಕಲ್ಲಿಗೆ ಉಜ್ಜಿ, ಕರಿ ಸಿಪ್ಪೆಯೊಳಗಿನ ಬಿಳಿ ಕಾಣುವಂತೆ ಮಾಡಿ ನೀರಿಗೆ ಹಾಕಿದರೆ, ಜೀವವಿರುವ ಬೀಜ ಕೆಲವೇ ದಿನಗಳಲ್ಲಿ ಮೊಳೆಯುತ್ತದೆ. ಚೀನಾದಲ್ಲಿ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷದ ತಾವರೆ ಬೀಜವೂ ಹೀಗೆ ಮೊಳೆತಿದೆ. ಇದನ್ನು ಓದಿದ ಮೇಲೆ ನಮ್ಮ ಬತ್ತಿದ ಕೆರೆಗಳನ್ನು ಸತ್ತ ಕೆರೆಗಳೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಕೆಳಗಿನ ವೇದಾವತಿಯಲ್ಲಿ ನೀರು ಹರಿದದ್ದನ್ನು ಜನ ಅರಿಶಿನ ಕುಂಕುಮ ಹಿಡಿದು ಹೋಗಿ ನೋಡಿದರು. ಗೋಡಿನೊಳಗೆ ಏನೇನು ಕಾದು ಕೂತಿದೆಯೋ. ಅದನ್ನು ಜೆಸಿಬಿಯಲ್ಲಿ ಬಗೆದು ಲೇಔಟ್ ಮಾಡುವ ಮೊದಲು ನಾಲ್ಕು ಮಳೆಗಾಲ ಕಾಯಬಾರದೇ?

ಆ ಕೆರೆಗಳ ಸಲುವಾಗಿಯೇ ಕೊನೆಯ ಕೋರಿಕೆ: ಗಪ್ಪಿ ಹೆಚ್ಚಾದವೆಂದು ಕೆರೆಗೋ ಹಳ್ಳಕ್ಕೋ ಗೋಕಟ್ಟೆಗೋ ಬಿಡಬೇಡಿ. ಪರದೇಶದ ಈ ಮೀನು ನಮ್ಮ ಸಸಲಿನ ಜಾಗ ಹಿಡಿದುಬಿಡಬಹುದು. ಮನೆಯ ತೊಟ್ಟಿಯಿಂದ ಮನೆಯ ತೊಟ್ಟಿಗೆ ಹೋಗಲಿ, ಅಷ್ಟೇ. ಬೇಕಾದವರು ಬಿಸಿಲೇರುವ ಮೊದಲು ನಮ್ಮ ಮನೆಗೆ ಬನ್ನಿ. ಅಗಲ ಬಾಯಿಯ ಡಬ್ಬಿ ತನ್ನಿ, ಮುಚ್ಚಳಕ್ಕೆ ತೂತು ಮಾಡಿಕೊಂಡು.