ಗೂಢಚಾರರ ಸೇತುವೆ

ಬರ್ಲಿನ್ ಮುಗಿದು ಪಾಟ್ಸ್‌ಡಾಮ್ ಶುರುವಾಗುವಲ್ಲಿ, ಹಾವೆಲ್ ನದಿಯ ಮೇಲೆ ಗ್ಲೀನಿಕೆ ಸೇತುವೆಯಿದೆ. 1907ರ ಈ ಉಕ್ಕಿನ ಸೇತುವೆಯನ್ನು ನಿಧಾನವಾಗಿ ದಾಟಿದರೆ, ನಟ್ಟನಡುವೆ ಹಸಿರು ಬಣ್ಣ ತುಸು ಬದಲಾಗುವುದು ಕಣ್ಣಿಗೆ ಬೀಳುತ್ತದೆ. ಪೂರ್ವ ಜರ್ಮನಿಗೂ ಪಶ್ಚಿಮ ಬರ್ಲಿನ್‌ಗೂ ನಡುವೆ ಇದ್ದ ಗಡಿ ಅದು.

ಪಾಟ್ಸ್‌ಡಾಮ್‌ನಲ್ಲಿಯೇ ಬಾಬೆಲ್ಸ್‌ಬರ್ಗ್ ಸಿನಿಮಾ ವಿಶ್ವವಿದ್ಯಾಲಯವೂ ಇದೆ. ಗೂಢಚಾರರ ಕಿರುಚಿತ್ರ ತೆಗೆಯಹೊರಟ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲು ಹೊಳೆಯುವುದು ಕತ್ತಲ ಓಣಿ, ನೀಲಿ ದೀಪ, ಆಟಿಕೆ ಪಿಸ್ತೂಲು. ಈ ಸೇತುವೆ ಹೇಳುವ ಪಾಠವೇ ಬೇರೆ. 1962ರ ಫೆಬ್ರುವರಿ 10ರಂದು ಸೋವಿಯತ್ ಗೂಢಚಾರ ರುಡಾಲ್ಫ್ ಅಬೆಲ್‌ನನ್ನು ಒಪ್ಪಿಸಿ, ಅಮೆರಿಕ ತನ್ನ ಪೈಲಟ್ ಗ್ಯಾರಿ ಪವರ್ಸ್‌ನನ್ನು ಮರಳಿ ಪಡೆದದ್ದು ಇಲ್ಲಿಯೇ, ಬೆಳಗಿನ ಬೆಳಕಿನಲ್ಲಿ, ಮರೆಯೇ ಇಲ್ಲದ ಬಯಲಿನಲ್ಲಿ. ಅಬೆಲ್‌ನ ಜಾಲದ ಮೊದಲ ಸುಳಿವು ಸಿಕ್ಕಿದ್ದು 1953ರಲ್ಲಿ, ಬ್ರೂಕ್ಲಿನ್‌ನಲ್ಲಿ ಪತ್ರಿಕೆ ಹಂಚುವ ಹುಡುಗನೊಬ್ಬನ ಕೈಗೆ ಬಂದ ಟೊಳ್ಳು ನಾಣ್ಯದೊಳಗೆ. ಅದರಲ್ಲಿತ್ತು ಸಂಕೇತಾಂಕಗಳ ಪುಟ್ಟ ಫೋಟೋ.

'ಬ್ರಿಜ್ ಆಫ್ ಸ್ಪೈಸ್' (2015) ಚಿತ್ರಕ್ಕೆ ಸ್ಪೀಲ್‌ಬರ್ಗ್ ಹುಡುಕಿಕೊಂಡು ಬಂದದ್ದೂ ಇದೇ ಸೇತುವೆಗೆ. ವಿದ್ಯಾರ್ಥಿಗೆ ಅಷ್ಟೊಂದು ದುಡ್ಡು ಬೇಕಿಲ್ಲ. ತನ್ನೂರಿನದೇ ಒಂದು ಸೇತುವೆ, ಮುಂಜಾವಿನ ಬೆಳಕು, ಜೇಬಿನಲ್ಲೊಂದು ನಾಣ್ಯ, ಆಚೆ ದಡದಿಂದ ನಡೆದು ಬರುವ ಒಬ್ಬ ಮನುಷ್ಯ. ಅವನು ನಡುಗೆರೆ ದಾಟುವವರೆಗೂ ನೋಡುವವರು ಉಸಿರು ಬಿಗಿಹಿಡಿದಿರುತ್ತಾರೆ.